ಕಾರಣ ಹೇಳುವಾಗ ಒಂದು ಕೊಂಡಿ ಸಾಕು

ಮೇಷ್ಟ್ರೇ, ನಮಸ್ಕಾರ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆಂದು ಶಿಡ್ಲಘಟ್ಟದಿಂದ ನೀವು ಕಳಿಸಿದ 'ಇಂಗ್ಲಿಷಿನಲ್ಲಿ ಕಾರಣ ಹೇಳುವುದು ಹೇಗೆ' ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಕನ್ನಡ ಮಾಧ್ಯಮದ ಮಕ್ಕಳ ಮೇಲಿನ ಕಾಳಜಿ ಕಾಣುತ್ತದೆ. ಆದರೂ ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ. ತೊಂದರೆ ಇರುವುದು ನಿಮ್ಮ ಉದಾಹರಣೆಗಳಲ್ಲಿ. ನಾನು ಪುರವಣಿ ತಿದ್ದುವುದನ್ನು ಕಲಿಯುತ್ತಿದ್ದಾಗ, ವ್ಯಾಕರಣದ ಲೇಖನ ಬಂದರೆ ಹಿರಿಯರು ವಿವರಣೆಯನ್ನು ಮುಚ್ಚಿ ಉದಾಹರಣೆಗಳನ್ನಷ್ಟೇ ಓದಿಸುತ್ತಿದ್ದರು. ಮಕ್ಕಳ ಬಾಯಿಗೆ ಹತ್ತುವುದು ಉದಾಹರಣೆ, ನಿಯಮವಲ್ಲ.

ಎರಡನೇ ಪುಟದ ಮೊದಲ ವಾಕ್ಯ: 'ಬಿಕಾಸ್ ದಿ ಬಸ್ ವಾಸ್ ಲೇಟ್, ಸೋ ಐ ಮಿಸ್ಡ್ ದಿ ಎಗ್ಸಾಮ್.' ಇದು ತಪ್ಪು. ಇಲ್ಲಿ ಎರಡು ಮಾತನ್ನು ಕಟ್ಟಲು ಒಂದೇ ಕೊಂಡಿ ಸಾಕು. 'ಬಿಕಾಸ್' ಇಟ್ಟರೆ 'ಸೋ' ತೆಗೆಯಿರಿ, 'ಸೋ' ಬೇಕಿದ್ದರೆ 'ಬಿಕಾಸ್' ತೆಗೆಯಿರಿ. 'ಬಸ್ಸು ತಡವಾಯ್ತಲ್ಲ, ಅದಕ್ಕೇ ಪರೀಕ್ಷೆ ತಪ್ಪಿಹೋಯ್ತು' ಅನ್ನುವುದು ನಮ್ಮ ರೂಢಿ. ಆ 'ಅದಕ್ಕೇ' ನಿಮ್ಮ ಇಂಗ್ಲಿಷಿನೊಳಗೆ ನುಸುಳಿದೆ.

ಅದರ ಕೆಳಗೆ: 'ಹಿ ಸೋಲ್ಡ್ ದಿ ಕಕೂನ್ಸ್ ಅರ್ಲಿ. ಬಿಕಾಸ್ ದಿ ಪ್ರೈಸ್ ವಾಸ್ ಫಾಲಿಂಗ್.' ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರಿನ ಮಕ್ಕಳಿಗೆ ಚೆನ್ನಾಗಿ ಹೊಂದುವ ಉದಾಹರಣೆ, ಆದರೆ ನಡುವಿನ ಪೂರ್ಣವಿರಾಮ ಅದನ್ನು ಕೆಡಿಸಿದೆ. 'ಬಿಕಾಸ್' ಭಾಗ ಮುಖ್ಯ ವಾಕ್ಯಕ್ಕೆ ಒರಗಿಯೇ ನಿಲ್ಲಬೇಕು. 'ಯಾಕೆ' ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರವಾದರೆ ಒಂಟಿಯಾಗಿ ನಡೆದೀತು, ಉತ್ತರಪತ್ರಿಕೆಯಲ್ಲಿ ಅದು ತುಂಡುವಾಕ್ಯ. ಪೂರ್ಣವಿರಾಮ ತೆಗೆದರೆ ಸರಿಹೋಗುತ್ತದೆ.

ಚೌಕಟ್ಟಿನಲ್ಲಿ 'ಬಿಕಾಸ್‌ನಿಂದ ವಾಕ್ಯ ಶುರುಮಾಡಲೇಬಾರದು' ಎಂದಿದ್ದೀರಿ. ಅಂಥ ನಿಯಮವಿಲ್ಲ. 'ಬಿಕಾಸ್' ಭಾಗ ಮುಗಿದ ಕೂಡಲೇ ಮುಖ್ಯ ವಾಕ್ಯ ಬಂದು, ನಡುವೆ ಅಲ್ಪವಿರಾಮ ಇದ್ದರೆ ಸಾಕು: 'ಬಿಕಾಸ್ ದಿ ಪ್ರೈಸ್ ವಾಸ್ ಫಾಲಿಂಗ್, ಹಿ ಸೋಲ್ಡ್ ದಿ ಕಕೂನ್ಸ್ ಅರ್ಲಿ.'

ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಪುಟ. 'ಬಿಕಾಸ್ ಹಿಂದೆ ಎಂದೂ ಅಲ್ಪವಿರಾಮ ಬೇಡ' ಎಂದು ಬರೆದು, ಈ ವಾಕ್ಯ ಕೊಟ್ಟಿದ್ದೀರಿ: 'ಶಿ ಡಿಡ್ ನಾಟ್ ಗೋ ಟು ಕೋಲಾರ ಬಿಕಾಸ್ ಹರ್ ಬ್ರದರ್ ವಾಸ್ ದೇರ್.' ಅಣ್ಣ ಇದ್ದಾನೆಂದು ಆಕೆ ಹೋಗಲೇ ಇಲ್ಲವೇ? ಅಥವಾ ಹೋದಳು, ಆದರೆ ಅಣ್ಣ ಇದ್ದಾನೆ ಎನ್ನುವ ಕಾರಣಕ್ಕಲ್ಲವೇ? ವಾಕ್ಯ ಎರಡನ್ನೂ ಹೇಳುತ್ತದೆ. ಸಾಮಾನ್ಯವಾಗಿ ಅಲ್ಪವಿರಾಮ ಬೇಡ ಎನ್ನುವುದು ನಿಜ, ಆದರೆ ಮುಖ್ಯ ವಾಕ್ಯದಲ್ಲಿ 'ನಾಟ್' ಇದ್ದರೆ ನಿಂತು ಯೋಚಿಸಬೇಕು. ಹೋಗಲಿಲ್ಲ ಎಂಬುದೇ ಅರ್ಥವಾದರೆ 'ಕೋಲಾರ' ಆದಮೇಲೆ ಅಲ್ಪವಿರಾಮ ಹಾಕಿ. ಎರಡನೆಯದಾದರೆ ವಾಕ್ಯವನ್ನೇ ಬದಲಿಸಿ: 'ಶಿ ವೆಂಟ್ ಟು ಕೋಲಾರ, ಬಟ್ ನಾಟ್ ಬಿಕಾಸ್ ಹರ್ ಬ್ರದರ್ ವಾಸ್ ದೇರ್.' ಇದನ್ನು ಬಿಟ್ಟುಬಿಟ್ಟರೆ ಮಕ್ಕಳು ತಾವು ಹೇಳಬೇಕೆಂದುದಕ್ಕೆ ತದ್ವಿರುದ್ಧವಾದುದನ್ನು ಬರೆದುಬರುತ್ತಾರೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ.

'ಬಿಕಾಸ್ ಆಫ್ ಹಿ ವಾಸ್ ಇಲ್' ಎಂಬುದನ್ನೂ ತಿದ್ದಿ. 'ಆಫ್' ಬಂದರೆ ಮುಂದೆ ನಾಮಪದ ಬರಬೇಕು: 'ಬಿಕಾಸ್ ಆಫ್ ಹಿಸ್ ಇಲ್‌ನೆಸ್'. ಕರ್ತೃ, ಕ್ರಿಯಾಪದ ಎರಡೂ ಇರುವ ಕಡೆ 'ಆಫ್' ಬೇಡ.

'ಸಿನ್ಸ್', 'ಆ್ಯಸ್' ಇರುವ ಭಾಗವನ್ನು ಸದ್ಯಕ್ಕೆ ಬಿಡಿ. ಅವಕ್ಕೆ ಕಾಲದ ಅರ್ಥವೂ ಇರುವುದರಿಂದ ಪ್ರತ್ಯೇಕ ಲೇಖನವೇ ಬೇಕು. ಉಳಿದ ಉದಾಹರಣೆಗಳನ್ನು ತಿದ್ದಿ, ಪ್ರತಿ ತಪ್ಪು ವಾಕ್ಯದ ಪಕ್ಕ ಸರಿಯಾದದ್ದನ್ನು ಬರೆದು ಕಳಿಸಿ. ಹಾಗೆ ಬಂದರೆ ಪ್ರಕಟಿಸುತ್ತೇನೆ.