ಒಮರ್ ಷರೀಫ್ ಅವರ ಯಾವ ಪಾತ್ರಗಳನ್ನು ನೋಡಬೇಕು?

'ಲಾರೆನ್ಸ್ ಆಫ್ ಅರೇಬಿಯಾ' ಬಿಟ್ಟು ಈಜಿಪ್ಟ್‌ನ ನಟ ಒಮರ್ ಷರೀಫ್ ಅವರ ಬೇರೆ ಯಾವ ಪಾತ್ರಗಳು ಚೆನ್ನಾಗಿವೆ ಎಂದು ಕೇಳಿದ್ದೀರಿ. ಆದರೂ ಅದರ ಒಂದು ಮಾತು ಹೇಳಲೇಬೇಕು. 1962ರ ಆ ಚಿತ್ರದಲ್ಲಿ ಅವರದು ಷರೀಫ್ ಅಲಿ ಎಂಬ ಪಾತ್ರ. ಮರುಭೂಮಿಯ ಬಾವಿಯ ಹತ್ತಿರ ನಿಂತವರಿಗೆ ದೂರದಲ್ಲಿ ಒಂದು ಚುಕ್ಕೆ ಕಾಣುತ್ತದೆ. ಬಿಸಿಲಿನ ಝಳದಲ್ಲಿ ಅದು ನಡುಗುತ್ತಾ, ನಿಧಾನವಾಗಿ ಒಂಟೆ ಮೇಲಿನ ಮನುಷ್ಯನಾಗುತ್ತದೆ. ಇಷ್ಟು ಚೆಂದದ ಪ್ರವೇಶ ನಾನು ಬೇರೆಲ್ಲೂ ನೋಡಿಲ್ಲ. ಈ ಪಾತ್ರಕ್ಕೆ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಆದರೆ ಆ ಹೊತ್ತಿಗೆ ಅವರು ಈಜಿಪ್ಟ್‌ನಲ್ಲಿ ದೊಡ್ಡ ತಾರೆ. 1954ರಲ್ಲಿ ಅವರನ್ನು ಚಿತ್ರರಂಗಕ್ಕೆ ತಂದವರು ನಿರ್ದೇಶಕ ಯೂಸೆಫ್ ಶಾಹೀನ್. ಮೊದಲ ಚಿತ್ರದ ನಾಯಕಿ ಫಾತೆನ್ ಹಮಾಮಾ ಅವರನ್ನೇ ಮುಂದೆ ಒಮರ್ ಮದುವೆಯಾದರು. 'ನಹರ್ ಅಲ್-ಹುಬ್' ಚಿತ್ರದಲ್ಲಿ ಇಬ್ಬರೂ ಜೊತೆಯಾಗಿದ್ದಾರೆ. ಟಾಲ್‌ಸ್ಟಾಯ್ ಅವರ 'ಅನ್ನಾ ಕರೆನಿನಾ' ಕಥೆ ಅಲ್ಲಿ ಈಜಿಪ್ಟ್‌ನದಾಗಿದೆ. ನಮ್ಮಲ್ಲಿ ಇವುಗಳನ್ನು ನೋಡಿದವರು ಕಡಿಮೆ, ಅದೇ ಬೇಜಾರು.

1965ರ 'ಡಾಕ್ಟರ್ ಝಿವಾಗೊ'ದಲ್ಲಿ ಅವರು ರಷ್ಯಾದ ವೈದ್ಯ, ಕವಿ. ಮಾತು ಕಡಿಮೆ, ಕಣ್ಣುಗಳೇ ಜಾಸ್ತಿ ಹೇಳುತ್ತವೆ. ಬಾಲಕ ಝಿವಾಗೊ ಆಗಿರುವುದು ಅವರ ಸ್ವಂತ ಮಗ ತಾರೆಕ್! 'ಫನ್ನಿ ಗರ್ಲ್' ಚಿತ್ರದಲ್ಲಿ ಜೂಜುಕೋರ ಗಂಡನ ಪಾತ್ರ.

ನನ್ನನ್ನು ಕೇಳಿದರೆ, ಮೊದಲು 2003ರ ಫ್ರೆಂಚ್ ಚಿತ್ರ 'ಮೊಸ್ಯೂ ಇಬ್ರಾಹಿಂ' ನೋಡಿ. ಪ್ಯಾರಿಸ್‌ನ ಒಬ್ಬ ಮುದುಕ ಅಂಗಡಿಯವನು ಪಕ್ಕದ ಯಹೂದಿ ಹುಡುಗನಿಗೆ ತಂದೆಯಂತಾಗುತ್ತಾನೆ. ಅದಕ್ಕೆ ಅವರಿಗೆ ಫ್ರಾನ್ಸ್‌ನ ಸೀಸರ್ ಪ್ರಶಸ್ತಿ ಬಂತು.