ಕಿಡ್ನಿ ಕಲ್ಲಿನ ಆಪರೇಷನ್: ಬೋರಲೋ, ಅಂಗಾತವೋ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ಎಡ ಕಿಡ್ನಿಯಲ್ಲಿ 2.6 ಸೆಂಟಿಮೀಟರ್ ಕಲ್ಲಿದೆ. ಮೈ ಭಾರ, ಬಿಪಿ ಬೇರೆ. ತೂತು ಮಾಡಿಯೇ ತೆಗೆಯಬೇಕು ಅಂತ ಇಬ್ಬರು ಡಾಕ್ಟರೂ ಹೇಳಿದ್ದಾರೆ. ಆದರೆ ಒಬ್ಬರು ಬೋರಲು ಮಲಗಿಸುತ್ತೇವೆ ಅನ್ನುತ್ತಾರೆ, ಇನ್ನೊಬ್ಬರು ಅಂಗಾತ. ಬೋರಲು ಮಲಗಿದರೆ ಉಸಿರು ಕಟ್ಟುತ್ತೆ ಅಂತ ಅಮ್ಮನಿಗೆ ಭಯ. ಯಾವುದು ಸರಿ? 'ಮಿನಿ' ಅಂದರೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಸರಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಕಿಡ್ನಿ ಇರುವುದು ಬೆನ್ನಿನ ಕಡೆ. ಅದಕ್ಕೇ 1976ರಲ್ಲಿ ಸ್ವೀಡನ್ನಿನ ಫೆರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್ ತೂತು ಮಾಡಿ ಕಲ್ಲು ತೆಗೆಯುವ ಈ ವಿಧಾನವನ್ನು ವರದಿ ಮಾಡಿದ ಮೇಲೆ ಬಹಳ ಕಾಲ ಬೋರಲು ಮಲಗಿಸುವುದೇ ರೂಢಿಯಾಗಿತ್ತು. ಅಂಗಾತ ಮಲಗಿಸಿ ಮಾಡಬಹುದು ಅಂತ ಮುಂದೆ ತೋರಿಸಿದವರು ಸ್ಪೇನಿನ ವಾಲ್ದಿವಿಯಾ ಉರಿಯಾ.

ಅಮ್ಮನಿಗೆ ಇದನ್ನು ಹೇಳಿ: ಪೂರ್ತಿ ಅರಿವಳಿಕೆ ಕೊಟ್ಟಾಗ ಗಂಟಲಲ್ಲಿ ಕೊಳವೆ ಇರುತ್ತದೆ, ಉಸಿರಾಟ ಯಂತ್ರದ್ದು. ಎದೆ ಮತ್ತು ಸೊಂಟದ ಕೆಳಗೆ ದಿಂಬಿಟ್ಟು ಹೊಟ್ಟೆ ಒತ್ತದ ಹಾಗೆ ಬಿಡುತ್ತಾರೆ. ಕಣ್ಣು, ಮೊಣಕೈಗೂ ಮೆತ್ತೆ ಇಡುತ್ತಾರೆ. ನಿಜವಾದ ಕಷ್ಟ ಮಗುಚುವುದರಲ್ಲಿ. ಸಾಮಾನ್ಯವಾಗಿ ಮೊದಲು ಅಂಗಾತವಾಗಿಯೇ ಮೂತ್ರದ ದಾರಿಯಿಂದ ಕಿಡ್ನಿಯತನಕ ಸಣ್ಣ ನಳಿಗೆ ಹಾಕಿ, ಆಮೇಲೆ ಪ್ರಜ್ಞೆಯಿಲ್ಲದ ಮನುಷ್ಯನನ್ನು ಕೊಳವೆ, ಡ್ರಿಪ್ ಎಲ್ಲದರ ಸಮೇತ ನಾಲ್ಕೈದು ಜನ ಸೇರಿ ತಿರುಗಿಸಬೇಕು. ಮೈ ಭಾರವಿದ್ದವರಲ್ಲಿ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರಲ್ಲಿ ಇದಕ್ಕೆ ಜಾಸ್ತಿ ಎಚ್ಚರ ಬೇಕು.

ಅಂಗಾತದಲ್ಲಿ ಈ ಮಗುಚಾಟ ಇಲ್ಲ. ಪಕ್ಕೆಯ ಕೆಳಗೆ ಸಲೈನ್ ಚೀಲ ಇಟ್ಟು ಸ್ವಲ್ಪ ಎತ್ತಿರುತ್ತಾರೆ. ಕಿಡ್ನಿಗೆ ಹಾಕಿದ ಕೊಳವೆ ಮಟ್ಟಸವಾಗಿ ಇಲ್ಲವೇ ಕೆಳಕ್ಕೆ ಬಾಗಿರುವುದರಿಂದ ಕಲ್ಲಿನ ಚೂರು ನೀರಿನ ಜೊತೆ ತಾನೇ ಹರಿದು ಬರುತ್ತದೆ, ಕೆಳಗಿನಿಂದ, ಅಂದರೆ ಮೂತ್ರದ ದಾರಿಯಿಂದ, ಇನ್ನೊಂದು ದುರ್ಬೀನೂ ಹಾಕಬಹುದು. ಆದರೆ ಸೂಜಿ ಚುಚ್ಚಲು ಜಾಗ ಕಡಿಮೆ, ಕಿಡ್ನಿ ಮುಂದಕ್ಕೆ ಜಾರುತ್ತದೆ, ಮೇಲ್ಭಾಗದ ಕಲ್ಲಿಗೆ ತಲುಪುವುದು ಕಷ್ಟ.

ಕಲ್ಲು ಖಾಲಿಯಾಗುವ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ನಾನಾದರೆ ಡಾಕ್ಟರನ್ನು ಕೇಳುವುದು ಒಂದೇ: 'ಸಾರ್, ನೀವು ಯಾವ ರೀತಿಯಲ್ಲಿ ಜಾಸ್ತಿ ಮಾಡಿದ್ದೀರಿ?' ಅವರ ಕೈಗೆ ಪಳಗಿದ ಭಂಗಿಯೇ ನಿಮ್ಮ ಅಪ್ಪನಿಗೆ ಒಳ್ಳೆಯದು.

ಇನ್ನು 'ಮಿನಿ'. ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಚುಚ್ಚುತ್ತಾರೆ, ಅದರೊಳಗೆ ತಂತಿ ಬಿಡುತ್ತಾರೆ, ತಂತಿಯ ಮೇಲೆ ದಾರಿ ಅಗಲ ಮಾಡಿ ಕೊಳವೆ ಕೂರಿಸುತ್ತಾರೆ. ಕೊಳವೆಯ ದಪ್ಪ ಅಳೆಯುವುದು 'ಫ್ರೆಂಚ್' ಅನ್ನುವ ಮಾನದಲ್ಲಿ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಮಾಮೂಲಿಯದು 24ರಿಂದ 30, ಅಂದರೆ 8ರಿಂದ 10 ಮಿಲಿಮೀಟರ್. ಮಿನಿಯಲ್ಲಿ ಸುಮಾರು 5ರಿಂದ 7 ಮಿಲಿಮೀಟರ್. ದಾರಿ ಸಣ್ಣದಾದರೆ ರಕ್ತ ಹೋಗುವುದು ಕಡಿಮೆ. ಆದರೆ ದೊಡ್ಡ ಕಲ್ಲನ್ನು ಲೇಸರ್‌ನಿಂದ ಪುಡಿ ಮಾಡಿ ತೆಗೆಯಲು ಹೊತ್ತು ಹಿಡಿಯುತ್ತದೆ, ಒಳಗೆ ನೀರಿನ ಒತ್ತಡ ಏರಿದರೆ ಜ್ವರ ಬರಬಹುದು.

ಈ ಜ್ವರವೇ ನನಗೆ ಮುಖ್ಯ ಚಿಂತೆ. ಸೋಂಕಿರುವ ಮೂತ್ರ ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಆಪರೇಷನ್‌ಗೆ ಮುಂಚೆ ಯೂರಿನ್ ಕಲ್ಚರ್ (ಮೂತ್ರದಲ್ಲಿ ಸೋಂಕಿದೆಯೇ ಅಂತ ನೋಡುವ ಪರೀಕ್ಷೆ) ಮಾಡಿಸಿದ್ದಾರಾ ಕೇಳಿ. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಬಾಳೆದಿಂಡಿನ ರಸ ನಂಬಿಕೊಂಡು ಇಷ್ಟು ದೊಡ್ಡ ಕಲ್ಲನ್ನು ಮುಂದೂಡಲೂ ಬೇಡಿ.

ಮನೆಗೆ ಕಳಿಸುವಾಗ ಒಳಗೆ ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶದತನಕ ಇಡುವ ಸಣ್ಣ ನಳಿಗೆ) ಬಿಟ್ಟಿದ್ದರೆ ಅದನ್ನು ತೆಗೆಸುವ ತಾರೀಖು ಬರೆಸಿಕೊಂಡೇ ಬನ್ನಿ. ನೋವಿಲ್ಲ ಅಂತ ಮರೆತುಬಿಟ್ಟರೆ ಅದರ ಮೇಲೇ ಹೊಸ ಕಲ್ಲು ಕಟ್ಟುತ್ತದೆ.