ಅತ್ತೆಯವರ ಕಂಚಿನ ಬಟ್ಟಲುಗಳನ್ನು ಹೊರಗೆ ತೆಗೆಯಿರಿ
ಕುಮಟಾದ ಅಕ್ಕನವರೇ, ಅತ್ತೆಯವರು ಕೊಟ್ಟ ಕಂಚಿನ ಬಟ್ಟಲು, ಹಿತ್ತಾಳೆ ತಪ್ಪಲೆಗಳನ್ನು ಬಳಸಲೇ, ಜೋಪಾನವಾಗಿ ಕಪಾಟಿನಲ್ಲಿಯೇ ಇಡಲೇ ಎಂದು ಕೇಳಿದ್ದೀರಿ. ಇಂದೇ ಬಳಸಿ. ನಮ್ಮ ಉಪ್ಪುಗಾಳಿಗೆ ಮುಚ್ಚಿಟ್ಟ ಲೋಹವೂ ಕಪ್ಪಾಗುತ್ತದೆ. ಕಾರವಾರದಲ್ಲಿ ನನ್ನ ಅಮ್ಮ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ ಗಂಟನ್ನು ಅವರು ತೀರಿಕೊಂಡ ಮೇಲೆ ಬಿಚ್ಚಿದೆ. ಬಟ್ಟಲುಗಳ ತಳಕ್ಕೆಲ್ಲ ಹಸಿರು ಕಿಲುಬು. ಅಮ್ಮ ಒಂದು ದಿನವೂ ಅದರಲ್ಲಿ ಉಣ್ಣಲಿಲ್ಲವಲ್ಲ ಎಂದು ಅತ್ತುಬಿಟ್ಟೆ. ಈಗ ನನ್ನ ಬೆಳಗಿನ ಗಂಜಿ ಅದರಲ್ಲಿಯೇ.

ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಂತೂ ಹಸಿಯಾಗಿ ಬೋರಲು ಹಾಕಬೇಡಿ. ಹಿತ್ತಾಳೆ ತಪ್ಪಲೆಗೆ ಮಾತ್ರ ಕಲಾಯಿ (ಒಳಗಿನ ತವರದ ಲೇಪ) ಹಾಕಿಸದೆ ಹುಳಿ, ಸಾರು ಕುದಿಸಬೇಡಿ, ಲೋಹದ ಅಂಶ ಅಡುಗೆಗೆ ಇಳಿಯುತ್ತದೆ. ಬಿದ್ದು ಒಡೆದೀತೆಂಬ ಭಯವೇ? ನನ್ನದೊಂದು ಕಂಚಿನ ಬಟ್ಟಲಿನ ಅಂಚು ಸೀಳಿದೆ. ಮೊಮ್ಮಗಳು ಪಾಯಸಕ್ಕೆ ಅದನ್ನೇ ಕೇಳುತ್ತಾಳೆ.